ಕಂಬ ಕಳೆದಿದೆ, ಸಿಕ್ಕವರು ತಿಳಿಸಬೇಡಿ

ಸ್ಮಾರಕ ಕಳೆದುಹೋದರೆ ಏನು ಮಾಡಬೇಕು? ಹುಡುಕಬೇಕು ಅಂದುಕೊಂಡಿದ್ದರೆ ಸರ್ಕಾರಿ ಕೆಲಸಕ್ಕೆ ನೀವು ಲಾಯಕ್ಕಿಲ್ಲ. ಪಟ್ಟಿಯಿಂದ ಹೆಸರು ಹೊಡೆದುಹಾಕಬೇಕು. 2024ರ ಮಾರ್ಚ್‌ನಲ್ಲಿ ಎಎಸ್‌ಐ, ಅಂದರೆ ಕೇಂದ್ರದ ಪುರಾತತ್ವ ಇಲಾಖೆ, 18 ಸ್ಮಾರಕಗಳ ವಿಷಯದಲ್ಲಿ ಹೊರಟಿದ್ದು ಇದಕ್ಕೇ. ಅವುಗಳ ರಾಷ್ಟ್ರೀಯ ಮಹತ್ವ ಮುಗಿಯಿತಂತೆ! ಪ್ರಾಚೀನ ಸ್ಮಾರಕಗಳ 1958ರ ಕಾಯ್ದೆಯ 35ನೇ ಸೆಕ್ಷನ್ನಿನಲ್ಲಿ ಇದಕ್ಕೆ ದಾರಿಯೂ ಇದೆ. ಅಲ್ಲ ಸ್ವಾಮಿ, ಕಳೆದುಕೊಂಡಿದ್ದು ನೀವು, ಮಹತ್ವ ಹೋಗಿದ್ದು ಅದರದ್ದಾ?

ಪಟ್ಟಿಯಲ್ಲಿ ನನಗೆ ಜಾಸ್ತಿ ಇಷ್ಟವಾಗಿದ್ದು ಹರಿಯಾಣದ ಮುಜೇಸರ್‌ನ ಕೋಸ್ ಮಿನಾರ್. ದಾರಿಹೋಕರು ದಿಕ್ಕು ತಪ್ಪದಿರಲಿ ಅಂತ ಮೊಗಲರ ಕಾಲದಲ್ಲಿ ಹೆದ್ದಾರಿ ಪಕ್ಕ ಕಟ್ಟಿಸುತ್ತಿದ್ದ, ಸುಮಾರು 30 ಅಡಿ ಎತ್ತರದ ಕಂಬ. ದೂರದಿಂದಲೇ ಕಾಣಬೇಕು ಅನ್ನುವುದೇ ಅದರ ಉದ್ಯೋಗ. ಅದೇ ಕಾಣೆ.

ಇನ್ನು ಆ ನೀಲಿ ಬೋರ್ಡು, ಯಾವ ಸಂರಕ್ಷಿತ ಗುಡಿಗೆ ಹೋದರೂ ಎದುರಾಗುವುದು. ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ಒಳ್ಳೆಯ ಕಾನೂನೇ, ಕಂಬದ ಮೇಲೆ ಹೃದಯ ಕೆತ್ತಿ ಬಾಣ ಚುಚ್ಚುವ ಮಹನೀಯರಿಗೆ ಇಷ್ಟು ಬೇಕೇ ಬೇಕು. ಇಡೀ ಕಂಬವನ್ನೇ ಕಳೆದವರಿಗೆ ಎಷ್ಟು ಅಂತ ಮಾತ್ರ ಬರೆದಿಲ್ಲ, ಬೋರ್ಡಿನಲ್ಲಿ ಜಾಗ ಸಾಲಲಿಲ್ಲವೇನೋ. ಸುತ್ತಲಿನ 100 ಮೀಟರ್‌ನಲ್ಲಿ ಹೊಸದಾಗಿ ಕಟ್ಟುವಂತಿಲ್ಲ. ಅಲ್ಲಿ ಹಳೇ ಮನೆ ಇರುವ ಬಡಪಾಯಿ ಸೋರುವ ಮಾಳಿಗೆ ರಿಪೇರಿಗೂ ಅನುಮತಿ ಕೇಳಿಕೊಂಡು ಅಲೆಯಬೇಕು. ಅವನ ಮಾಳಿಗೆ ಮೇಲೆ ಇಷ್ಟು ಕಣ್ಣಿಟ್ಟವರಿಗೆ, ಆ ನೂರು ಮೀಟರಿನ ನಟ್ಟನಡುವೆ ಇರಬೇಕಾದದ್ದು ಮಾಯವಾಗಿದ್ದು ಕಾಣಲಿಲ್ಲ!

92 ಸ್ಮಾರಕ ನಾಪತ್ತೆ ಅಂತ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ ಹೇಳಿದ್ದು 2013ರಲ್ಲಿ. ಇಲಾಖೆ 42 ಪತ್ತೆ ಮಾಡಿತು, ಚಪ್ಪಾಳೆ. ಉಳಿದ 50ರಲ್ಲಿ 14 ಬೆಳೆಯುವ ಊರುಗಳ ಹೊಟ್ಟೆಗೆ ಹೋದವು, 12 ಅಣೆಕಟ್ಟಿನ ನೀರಿನಡಿ ಸೇರಿದವು, 24 ಎಲ್ಲಿವೆ ಅನ್ನುವುದೇ ಗೊತ್ತಿಲ್ಲ. ಸುಮ್ನೆ ಹೇಳ್ತಿಲ್ಲ, ಸಂಸದೀಯ ಸಮಿತಿಗೆ ಸಂಸ್ಕೃತಿ ಸಚಿವಾಲಯವೇ ಕೊಟ್ಟ ಲೆಕ್ಕ.

ಮೊದಲು ನಗು ಬರುತ್ತದೆ, ಆಮೇಲೆ ಸುಸ್ತಾಗುತ್ತದೆ. ದೇಶದ 3,693 ಸಂರಕ್ಷಿತ ಸ್ಮಾರಕಗಳಲ್ಲಿ 2022ರಲ್ಲಿ ಕಾವಲುಗಾರರು ಇದ್ದದ್ದು 248ರಲ್ಲಿ. 7,000 ಜನ ಬೇಕಿದ್ದ ಕಡೆ 2,578 ಜನ. ದುಡ್ಡಿಲ್ಲ ಅಂತಾರೆ. ಸರಿ, ಎಲ್ಲ ಕಡೆ ಕಾವಲು ಬೇಡ, ವರ್ಷಕ್ಕೊಮ್ಮೆ ಒಬ್ಬ ಬೈಕಿನಲ್ಲಿ ಹೋಗಿ, ನಿಂತಿದೆಯಾ ಬಿದ್ದಿದೆಯಾ ನೋಡಿ, ಒಂದು ಫೋಟೊ ತೆಗೆದುಕೊಂಡು ಬರಲು ಎಷ್ಟು ಕೋಟಿ ಬೇಕು? ಅದಕ್ಕೂ ಜನ ಇಲ್ಲವಂತೆ. ಹಂಪಿಯ ವಿಠ್ಠಲ ದೇವಸ್ಥಾನದ ಬಾಗಿಲಲ್ಲಿ ನಮ್ಮ 40 ರೂಪಾಯಿ ಟಿಕೆಟ್ ನೋಡುವುದಕ್ಕೆ ಇದ್ದಾರೆ.