ಮೂರು ಸೆಟ್ ಜೆರಾಕ್ಸ್, ಒಂದು ಮಾಣಿ

ಶಿರಸಿಯ ನಮ್ಮ ಅಕ್ಕನ ಮಗನಿಗೆ, ಅಂದರೆ ನಮ್ಮ ಮಾಣಿಗೆ, ಸಂದರ್ಶನದ ಕರೆ ಬಂತು. ಹುದ್ದೆ: ಕಚೇರಿ ಆಡಳಿತ ಸಹಾಯಕ. ಸಂಖ್ಯೆ: ಒಂದು. ಅವಧಿ: 11 ತಿಂಗಳು, ಗುತ್ತಿಗೆ ಮೇಲೆ. ಸ್ಥಳ: ಕಾರವಾರ. ಮೂಲ ದಾಖಲೆಗಳ ಜೊತೆ ಮೂರು ಸೆಟ್ ಜೆರಾಕ್ಸ್ ತರತಕ್ಕದ್ದು. ಪ್ರಯಾಣ ಭತ್ಯೆ ಕೊಡಲಾಗುವುದಿಲ್ಲ. ಕೊನೇ ಸಾಲು ಮಾತ್ರ ದಪ್ಪಕ್ಷರದಲ್ಲಿತ್ತು.

ನನಗೊಂದು ಹಳೇ ಸುದ್ದಿ ನೆನಪಾಯಿತು. ಸಣ್ಣ ನೌಕರಿಗೆಲ್ಲ ಸಂದರ್ಶನ ಯಾಕೆ ಅಂತ 2015ರ ಆಗಸ್ಟ್ 15ರಂದು ಪ್ರಧಾನಿ ಕೆಂಪುಕೋಟೆ ಮೇಲೆ ನಿಂತು ಕೇಳಿದ್ದರು. 2016ರ ಜನವರಿ 1ರಿಂದ ಕೇಂದ್ರ ಸರ್ಕಾರದ ಸಿ ದರ್ಜೆ ಹುದ್ದೆಗಳಿಗೆ ಸಂದರ್ಶನವೇ ನಿಂತುಹೋಯಿತು. ನಮ್ಮ ರಾಜ್ಯದಲ್ಲೂ 2024ರಲ್ಲಿ ಸಾವಿರ ಗ್ರಾಮ ಆಡಳಿತ ಅಧಿಕಾರಿ ಹುದ್ದೆಗೆ ಪರೀಕ್ಷೆ ನಡೆಯಿತು. ಅಲ್ಲೂ ಸಂದರ್ಶನದ ಮಾತಿರಲಿಲ್ಲ. ಅಂದರೆ ಮೂವತ್ತು ವರ್ಷ ಕುರ್ಚಿ ಬಿಡದವನ ಮುಖ ಯಾರೂ ನೋಡಬೇಕಾಗಿಲ್ಲ. ಹನ್ನೊಂದು ತಿಂಗಳು ಕೂತು ಎದ್ದುಹೋಗುವವನ ಮುಖವನ್ನು ಮಾತ್ರ ಮೂರು ಜನ ಕೂತು ನೋಡಬೇಕು.

ಕಾಯಂ ಆಗುವ ಆಸೆಯೂ ಇಲ್ಲ ಬಿಡಿ. ಸುಪ್ರೀಂ ಕೋರ್ಟಿನಲ್ಲಿ 2006ರ ಉಮಾದೇವಿ ಕೇಸಿನ ತೀರ್ಪು ಬಂದ ಮೇಲೆ, ಹಿಂಬಾಗಿಲಿಂದ ಒಳಗೆ ಬಂದವರು ಎಷ್ಟು ವರ್ಷ ದುಡಿದರೂ ಕಾಯಂ ಮಾಡಿ ಅಂತ ಹಕ್ಕಿನಿಂದ ಕೇಳುವ ಹಾಗಿಲ್ಲ. ಇದನ್ನು ಅಕ್ಕನಿಗೆ ವಿವರಿಸಿದೆ. ಅವಳು ಅಡಿಕೆ ಸುಲಿಯುತ್ತಾ ತಲೆ ಎತ್ತದೆ ಹೇಳಿದಳು: "ಹನ್ನೊಂದ್ ತಿಂಗಳು ಬೇಕಾದಷ್ಟಾತು. ಅಷ್ಟರೊಳಗೆ ಮದುವೆ ಮುಗಿಸಿದ್ರೆ ಆತು."

ಘಟ್ಟದ ಮೇಲೆ ಹುಡುಗಿಯರ ಮನೆಯಲ್ಲಿ ತೋಟ ಎಷ್ಟು ಎಕರೆ ಅಂತ ಯಾರೂ ಕೇಳುವುದಿಲ್ಲ. 'ಹುಡುಗ ಎಲ್ಲಿದ್ದಾನೆ' ಅಂತ ಕೇಳುತ್ತಾರೆ. 'ಕಾರವಾರದಲ್ಲಿ, ಆಫೀಸಲ್ಲಿ' ಅಂದರೆ ಹನ್ನೊಂದು ತಿಂಗಳ ಮಟ್ಟಿಗಾದರೂ ಅದು ಸುಳ್ಳಲ್ಲ.

ಮಾಣಿಯ ತಯಾರಿ ಶುರುವಾಯಿತು. ನಾನಂದುಕೊಂಡಿದ್ದು ಪುಸ್ತಕ ಓದುತ್ತಾನೆ ಅಂತ. ಅವನು ಮೊದಲು ಹೋಗಿದ್ದು ಗ್ರಾಮೀಣ ಅಭ್ಯರ್ಥಿ ಪ್ರಮಾಣಪತ್ರಕ್ಕೆ. ಒಂದನೇ ಕ್ಲಾಸಿನಿಂದ ಹಳ್ಳಿಯಲ್ಲೇ ಓದಿದ್ದಾನೆ ಅಂತ ಶಾಲೆಯ ಹೆಡ್‌ಮಾಸ್ತರರು ಬರೆದುಕೊಡಬೇಕು. ಅವನು ಓದಿದ ಕನ್ನಡ ಶಾಲೆ ಮಕ್ಕಳಿಲ್ಲದೆ ಮುಚ್ಚಿ ಎಷ್ಟೋ ವರ್ಷವಾಯಿತು. ಈಗ ಅಲ್ಲಿ ಚುನಾವಣೆಗೊಮ್ಮೆ ಮಾತ್ರ ಬಾಗಿಲು ತೆಗೆಯುತ್ತಾರೆ. ಇಲ್ಲದ ಶಾಲೆಯ ಇಲ್ಲದ ಹೆಡ್‌ಮಾಸ್ತರರ ಸಹಿಗೆ ಮಾಣಿ ಎಂಟು ದಿನ ತಿರುಗಿದ. ಹಾಜರಿ ಪುಸ್ತಕ ಪಕ್ಕದೂರಿನ ಶಾಲೆಗೆ ಹೋಗಿದೆ ಅಂದರು. ಅಲ್ಲಿ ಹೋದರೆ ಬೀರುವಿನ ಕೀಲಿ ಇದ್ದ ಮಾಸ್ತರರು ಜನಗಣತಿ ತರಬೇತಿಗೆ ಹೋಗಿದ್ದರು. ಕಡೆಗೂ ಸಹಿ ಬಿತ್ತು. ಮೇಲಿನ ಆಫೀಸಿನಲ್ಲಿ ಸೀಲು ನೋಡಿದವರು, 'ಇದು ನೀವು ಓದಿದ ಶಾಲೆಯ ಸೀಲಲ್ವಲ್ಲ' ಅಂದರು.

ಆಮೇಲೆ ಜಾತಿ-ಆದಾಯ. ಆ ಕೌಂಟರಿನಲ್ಲಿ ಮೊದಲ ದಿನ ಸರ್ವರ್ ಡೌನ್. ಎರಡನೇ ದಿನ ಸರ್ವರ್ ಇತ್ತು, ಕರೆಂಟ್ ಇರಲಿಲ್ಲ. ಮೂರನೇ ದಿನ ಎರಡೂ ಇತ್ತು, ಸಾಹೇಬರು ಮೀಟಿಂಗಿಗೆ ಹೋಗಿದ್ದರು. ಜೆರಾಕ್ಸಿಗೆ ನಮ್ಮ ಸಹಿ ನಾವೇ ಹಾಕಿದರೆ ಸಾಕು, ಗೆಜೆಟೆಡ್ ಅಧಿಕಾರಿ ಬೇಡ ಅಂತ ದೆಹಲಿಯವರು 2014ರಲ್ಲೇ ಹೇಳಿದ್ದರಲ್ಲ ಅಂತ ಮಾಣಿ ಒಂದು ಕಡೆ ಕೇಳಿಯೇಬಿಟ್ಟ. 'ಹೇಳಿರಬಹುದು. ನಮಗೆ ಬರಲಿಲ್ಲ' ಅಂದರಂತೆ. ದೆಹಲಿಯ ಟಪಾಲು ಘಟ್ಟ ಹತ್ತುವುದು ತಡವೇ. ಕುಮಟಾ ರಸ್ತೆಯ ಕೆಲಸ ಮುಗಿದ ಮೇಲೆ ಬರಬಹುದು.

ಅನುಭವದ ಪತ್ರವೂ ಬೇಕಿತ್ತು, ಎರಡು ವರ್ಷದ್ದು. ಮೊದಲ ನೌಕರಿಗೇ ಎರಡು ವರ್ಷದ ಅನುಭವ. ಅಡಿಕೆ ವಖಾರಿಯ ಪರಿಚಯದವರು ಬರೆದುಕೊಟ್ಟರು. ಸುಗ್ಗಿಯಲ್ಲಿ ಚೀಲ ಎಣಿಸಿ ಚೀಟಿ ಬರೆಯುತ್ತಿದ್ದವನು 'ದಾಸ್ತಾನು ಹಾಗೂ ದಾಖಲೆ ನಿರ್ವಹಣೆ' ಮಾಡಿದವನಾದ. ಸುಳ್ಳೇನಲ್ಲ. ಚೀಲವೂ ದಾಸ್ತಾನೇ, ಚೀಟಿಯೂ ದಾಖಲೆಯೇ.

ಇಷ್ಟಾದ ಮೇಲೆ ಪುಸ್ತಕ. 1862ರಲ್ಲಿ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದು, ಕಾಳಿ ನದಿಯ ಅಣೆಕಟ್ಟುಗಳು, ಕೈಗಾ ಅಣುಸ್ಥಾವರ, ಸೀಬರ್ಡ್ ನೌಕಾನೆಲೆ, ಎಲ್ಲ ಬಾಯಿಪಾಠ. ಕಾರವಾರ ಅಂದಮೇಲೆ ಟಾಗೋರರನ್ನು ಕೇಳೇ ಕೇಳುತ್ತಾರೆ ಅಂತ ಅದನ್ನೂ ಉರು ಹೊಡೆದ. ಅಣ್ಣ ಸತ್ಯೇಂದ್ರನಾಥರು ಅಲ್ಲಿ ಜಡ್ಜ್ ಆಗಿದ್ದರು, ಐಸಿಎಸ್ ಪಾಸಾದ ಮೊದಲ ಭಾರತೀಯ. ತಮ್ಮ ರವೀಂದ್ರನಾಥರು ಇಪ್ಪತ್ತೆರಡರ ಹರೆಯದಲ್ಲಿ ಬಂದು ಸಮುದ್ರ ನೋಡುತ್ತಾ ಇದ್ದರು. ಪುಣ್ಯವಂತರು. ಕಾರವಾರಕ್ಕೆ ಬಂದರೂ ಮೂರು ಸೆಟ್ ಜೆರಾಕ್ಸ್ ಯಾರೂ ಕೇಳಲಿಲ್ಲ.

ಹಿಂದಿನ ದಿನ ಜಗಲಿಯಲ್ಲಿ ಅಣಕು ಸಂದರ್ಶನ. ನಾನು ಸಾಹೇಬ, ಭಾವ ಸದಸ್ಯ. ಅಕ್ಕ ಕಷಾಯ ಕೊಟ್ಟು ಅಲ್ಲೇ ನಿಂತಳು. ಮಾಣಿ ಅಣ್ಣನ ಶೂ ಹಾಕಿಕೊಂಡು ಬಂದ. ಒಂದು ನಂಬರು ದೊಡ್ಡದು, ಮುಂದೆ ಪೇಪರ್ ತುರುಕಿದ್ದ. ನಡೆದರೆ ಸರಬರ ಅನ್ನುತ್ತಿತ್ತು.

"ನಿಮ್ಮ ಬಗ್ಗೆ ಹೇಳಿ."

"ಐ ಆ್ಯಮ್ ಹಾರ್ಡ್ ವರ್ಕಿಂಗ್, ಪಂಕ್ಚುಯಲ್ ಆ್ಯಂಡ್ ಟೀಮ್ ಪ್ಲೇಯರ್ ಸರ್."

"ಕನ್ನಡದಲ್ಲೇ ಹೇಳೋ ಮಾರಾಯ."

"ಯೂಟ್ಯೂಬಲ್ಲಿ ಇದ್ದಿದ್ದೇ ಹೀಗೆ ಮಾವ."

ತಪ್ಪು ಅವನದಲ್ಲ. 2024ರಲ್ಲಿ ಕೆಎಎಸ್ ಪ್ರಿಲಿಮ್ಸ್‌ನ ಕನ್ನಡ ಪ್ರಶ್ನೆಗಳು ಅನುವಾದದಲ್ಲಿ ಕೆಟ್ಟು, ಡಿಸೆಂಬರ್ 29ರಂದು ಮರುಪರೀಕ್ಷೆ ಮಾಡಿದರು. ಅದರಲ್ಲೂ ತಪ್ಪು ಬಂತು. ಕನ್ನಡದ ಪ್ರಶ್ನೆ ಅರ್ಥವಾಗಲು ಇಂಗ್ಲಿಷ್ ಬರಬೇಕು ಅನ್ನುವುದು ಈಗಿನ ಮಕ್ಕಳಿಗೆ ಗೊತ್ತು.

ಭಾವ ಒಂದು ಒಳ್ಳೇ ಪ್ರಶ್ನೆ ಕೇಳಿದರು: "ಒಬ್ಬ ಮುದುಕಿ ಪೆನ್ಶನ್ ಬರಲಿಲ್ಲ ಅಂತ ಜೊಯಿಡಾದಿಂದ ಬಂದಿದ್ದಾಳೆ ಅಂತ ಇಟ್ಕ. ನೀ ಎಂತ ಮಾಡ್ತೆ?"

ಮಾಣಿ ಸುಮ್ಮನೆ ನಿಂತ. ಪುಸ್ತಕದಲ್ಲಿ ಅದಿರಲಿಲ್ಲ.

ಬೆಳಗಿನ ಜಾವದ ಬಸ್ಸು. ನೂರು ಕಿಲೋಮೀಟರಿಗಿಂತ ಜಾಸ್ತಿ ದಾರಿ. ಹತ್ತು ಗಂಟೆಗೆ ಹೆಸರು ಬರೆಸಿದವನನ್ನು ಒಳಗೆ ಕರೆದಿದ್ದು ಮೂರೂವರೆಗೆ. ಒಂದು ಹುದ್ದೆಗೆ ಬಂದವರಿಗೆ ಕಾರಿಡಾರ್ ಸಾಲದೆ ಕೆಲವರು ಮೆಟ್ಟಿಲ ಮೇಲೆ ಕೂತಿದ್ದರಂತೆ. ಟಾಗೋರರನ್ನು ಯಾರೂ ಕೇಳಲಿಲ್ಲ. ಮುದುಕಿಯನ್ನಂತೂ ಇಲ್ಲವೇ ಇಲ್ಲ. ಮೂವರೂ ತಲೆ ಬಗ್ಗಿಸಿ ಜೆರಾಕ್ಸ್ ಎಣಿಸುತ್ತಿದ್ದರು.

"ಆದಾಯ ಪತ್ರದ ಜೆರಾಕ್ಸ್ ಎರಡೇ ಇದೆಯಲ್ಲ. ಮೂರನೇದೆಲ್ಲಿ?"

ತಿಂಗಳು ಪೂರ್ತಿ ಒಂಬತ್ತು ಕೌಂಟರು ಸುತ್ತಿದ ಮಾಣಿಯ ಬಾಯಲ್ಲಿ ಉತ್ತರ ತಾನಾಗಿಯೇ ಬಂತು.

"ಸರ್ವರ್ ಡೌನ್ ಇತ್ತು ಸರ್. ಇನ್ನೊಂದು ಪ್ರತಿ ಪ್ರಕ್ರಿಯೆಯಲ್ಲಿದೆ. ಮುಂದಿನ ವಾರ ವಿಚಾರಿಸಿ."

ಮೂವರೂ ತಲೆ ಎತ್ತಿದರಂತೆ. ಬೆಳಗ್ಗೆಯಿಂದ ಮೊದಲ ಸಲ. ಒಬ್ಬರು ಕನ್ನಡಕ ತೆಗೆದು, ಅಳಿಯನನ್ನು ನೋಡಿದ ಹಾಗೆ ನೋಡಿ, "ಕೂತ್ಕೊಳ್ಳಿ" ಅಂದರಂತೆ.

ರಾತ್ರಿ ಕುಮಟಾ ಬಸ್‌ಸ್ಟ್ಯಾಂಡಿನಿಂದ ಫೋನ್ ಮಾಡಿದ. "ಅಡ್ಡಿಲ್ಲೆ ಮಾವ, ಆತು ಕಾಣ್ತು." ಅಕ್ಕ ಆಗಲೇ ಜಾತಕದ ಜೆರಾಕ್ಸಿಗೆ ಪೇಟೆಗೆ ಹೊರಟಿದ್ದಳು.