ಸತ್ಯಾಂಶ: ಒಣಗಿಸಿ ಎಸೆದ ಬೀಜವೆಲ್ಲ ಗಿಡವಾಗುವುದಿಲ್ಲ

ತಿಂದ ಹಣ್ಣಿನ ಬೀಜಗಳನ್ನು ತೊಳೆದು, ಒಣಗಿಸಿ, ಪ್ರಯಾಣದ ವೇಳೆ ರಸ್ತೆ ಬದಿಗೆ ಎಸೆದರೆ ಕಾಡು ಬೆಳೆಯುತ್ತದೆ ಎಂಬ ವಾಟ್ಸಾಪ್ ಸಂದೇಶ ಪ್ರತಿ ಮುಂಗಾರಿಗೂ ಮರಳಿ ಬರುತ್ತದೆ. ಹಂಚುವವರ ಕಾಳಜಿ ನಿಜವಾದದ್ದೇ. ಎಡವಿರುವುದು ಒಣಗಿಸುವ ಸಲಹೆಯಲ್ಲಿ.

ನೇರಳೆ, ಹಲಸು, ಮಾವಿನ ಬೀಜಗಳು ತೇವ ಆರಿದರೆ ಸಾಯುತ್ತವೆ, ಹಸಿಯಾಗಿರುವಾಗಲೇ ಬಿತ್ತಬೇಕು. ಪಾವಗಡ, ಮಧುಗಿರಿಯ ಕಲ್ಲುಗುಡ್ಡಗಳಲ್ಲಿ ತಾನಾಗಿ ಬೆಳೆಯುವ ತಂಗಡಿ, ಬಂದರಿಕೆಯಂಥ ಪೊದೆಗಳ ಸ್ವಭಾವವೇ ಬೇರೆ. ಅವುಗಳ ಬೀಜ ಒಣಗಿದರೂ ಬದುಕಿರುತ್ತದೆ, ಆದರೆ ಗಟ್ಟಿ ಸಿಪ್ಪೆ ನೀರನ್ನು ಒಳಗೆ ಬಿಡುವುದಿಲ್ಲ. ಕುದಿಸಿ ಇಳಿಸಿದ ನೀರಿಗೆ ಬೀಜ ಹಾಕಿ, ಅದು ಆರುತ್ತಾ ರಾತ್ರಿಯಿಡೀ ನೆನೆಯಲು ನರ್ಸರಿಗಳಲ್ಲಿ ಬಿಡುವುದು ಇದಕ್ಕೇ. ಬೆಳಿಗ್ಗೆ ಉಬ್ಬಿದವು ಕೆಮ್ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ತುಂಬಿದ ಚೀಲಗಳಿಗೆ ಹೋಗುತ್ತವೆ. ಉಬ್ಬದೆ ಉಳಿದವನ್ನು ಉಪ್ಪುಕಾಗದದ ಮೇಲೆ ಹಗುರವಾಗಿ ಉಜ್ಜಿ ಮತ್ತೆ ನೆನೆಸಬಹುದು. ಇದೇ ಬಿಸಿನೀರಿಗೆ ನೇರಳೆ ಬೀಜ ಹಾಕಿದರೆ ಅದು ಬೆಂದುಹೋಗುತ್ತದೆ, ಅಷ್ಟೇ.

ನೀವೇ ಪರೀಕ್ಷಿಸಿ ನೋಡಬಹುದು. ಒಂದೇ ಮರದ ಹತ್ತು ನೇರಳೆ ಬೀಜಗಳನ್ನು ಇಂದೇ ಬಿತ್ತಿ. ಇನ್ನು ಹತ್ತನ್ನು ಒಂದು ತಿಂಗಳು ಬಿಸಿಲಿಗಿಟ್ಟು ಅದೇ ಮಣ್ಣಿನಲ್ಲಿ ಬಿತ್ತಿ, ಮೊಳೆತವನ್ನು ಎಣಿಸಿ. ತಂಗಡಿಗೆ ಒದ್ದೆ ಬಟ್ಟೆ ಸಾಕು: ಬಿಸಿನೀರಿನಲ್ಲಿ ನೆನೆಸಿದ ಬೀಜ ಅರ್ಧ, ನೆನೆಸದ ಬೀಜ ಅರ್ಧ ಬೇರೆಬೇರೆಯಾಗಿ ಸುತ್ತಿಟ್ಟು, ಮೊಳೆತವನ್ನು ಎಣಿಸಿ. ಸಂದೇಶವನ್ನೂ ಹೀಗೇ ಜರಡಿ ಹಿಡಿಯಿರಿ. ಯಾವ ಜಾತಿಯ ಬೀಜ, ಯಾವ ತಿಂಗಳು, ಎಂಥ ಮಣ್ಣು ಎಂದು ಹೇಳದ ಸಲಹೆಯನ್ನು ಮುಂದಕ್ಕೆ ಕಳಿಸುವ ಮುನ್ನ ಹತ್ತಿರದ ನರ್ಸರಿಯಲ್ಲಿ ಕೇಳುವುದು ಒಳ್ಳೆಯದು.

ಇನ್ನು, ಬೀಜ ಮೊಳೆತರೂ ಎಳೆಯ ಸಸಿ ರಸ್ತೆ ಬದಿಯಲ್ಲಿ ಉಳಿಯಬೇಕಲ್ಲ. ಆಡು ಮುಟ್ಟದ ಸೊಪ್ಪಿಲ್ಲ. ಖಾಲಿ ಹಾಲಿನ ಕವರಿನಲ್ಲಿ ಸಸಿ ಮಾಡಿ, ಮಳೆ ಹಿಡಿದ ಮೇಲೆ ಬೇಲಿಯ ಒಳಗೆ ನೆಡಿ.