ದೊಡ್ಡಪ್ಪನ ರಕ್ತದ ಉತ್ತರ ಇನ್ನೂ ಬಂದಿಲ್ಲ

ಹೋದ ವರ್ಷ ನಾನು ಬರೆದ ಒಂದು ಪುಟ ಮೂರು ಸಲ ವಾಪಸ್ ಬಂತು. ಬರೀ ಒಂದು ಪುಟ. ನಾನಿರೋದು ಒಟ್ಟಾವಾದಲ್ಲಿ, ಕೆನಡಾದ ಉತ್ತರ ತುದಿಯ ನುನಾವುಟ್ ಊರುಗಳಲ್ಲಿ ಕ್ಷಯದ ಬಗ್ಗೆ ಸಂಶೋಧನೆ ಮಾಡೋ ತಂಡದಲ್ಲಿ ಡೇಟಾ ನೋಡ್ಕೊಳ್ಳೋ ಕೆಲಸ. ಅಲ್ಲಿ ಯಾರೇ ಸಂಶೋಧನೆ ಮಾಡ್ಬೇಕಂದ್ರೂ ಅಲ್ಲಿನ ರಾಜಧಾನಿ ಇಕಾಲುಯಿಟ್‌ನಲ್ಲಿರೋ ನುನಾವುಟ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನಿಂದ ಲೈಸೆನ್ಸ್ ತಗೋಬೇಕು, ಅದು ಕಾನೂನು. ಅದರ ಜೊತೆ ನಾವೇನು ಮಾಡ್ತೀವಿ, ಯಾಕೆ ಮಾಡ್ತೀವಿ ಅಂತ ಸರಳವಾಗಿ ಬರೆದು, ಅಲ್ಲಿನ ಮೂಲನಿವಾಸಿಗಳಾದ ಇನುಯಿಟರ ಇನುಕ್ಟಿಟುಟ್ ಭಾಷೆಗೂ ಮಾಡಿಸಿ ಕೊಡ್ಬೇಕು. ನಾನು ಬರೆದಿದ್ದನ್ನ ನಮ್ ತಂಡದ ಇನುಯಿಟ್ ಸಹೋದ್ಯೋಗಿ ಓದಿ, ಇದು ನಮ್ಮಜ್ಜಿಗೆ ಅರ್ಥ ಆಗಲ್ಲ ಅಂತ ವಾಪಸ್ ಕೊಟ್ರು. ಎರಡನೇ ಸಲನೂ ಅದೇ. ಮೂರನೇ ಸಲ, ಇದರಲ್ಲಿ ಫಲಿತಾಂಶ ನಮ್ಮೂರಿಗೆ ಯಾವಾಗ ತಂದು ಹೇಳ್ತೀರ ಅನ್ನೋದೇ ಇಲ್ವಲ್ಲ ಅಂದ್ರು. ಹತ್ತು ವರ್ಷದಿಂದ ಇದೇ ಕೆಲಸ ಮಾಡ್ತಿರೋನು ನಾನು, ಅವತ್ತು ಮುಖಕ್ಕೆ ಹೊಡೆದ ಹಾಗಾಯ್ತು.

ಆಮೇಲೆ ಬಾಫಿನ್ ದ್ವೀಪದ ಒಂದು ಹಳ್ಳಿಗೆ ಹೋದ್ವಿ. ನುನಾವುಟ್‌ನಲ್ಲಿ ಇರೋದೇ 25 ಊರು, ಒಂದರಿಂದ ಇನ್ನೊಂದಕ್ಕೆ ರಸ್ತೆ ಇಲ್ಲ, ಎಲ್ಲ ವಿಮಾನವೇ. ಹೋದ ಮೊದಲ ದಿನ ನಮ್ಮನ್ನ ಕೂರಿಸಿದ್ದು ಊರಿನ ರೇಡಿಯೋದಲ್ಲಿ. ಚಿಕ್ಕ ಕೋಣೆ, ಮೇಜಿನ ಮೇಲೆ ಮೈಕು, ಪಕ್ಕದಲ್ಲಿ ಫೋನು. ಜನ ಮನೆಯಿಂದಲೇ ಫೋನ್ ಮಾಡಿ ಕೇಳ್ತಾರೆ, ಮಕ್ಕಳಿಗೆ ಸೂಜಿ ಹಾಕ್ತೀರಾ, ರಕ್ತ ಎಷ್ಟು ದಿನ ಇಟ್ಕೋತೀರ, ಎಲ್ಲಿ ಇಡ್ತೀರ. ಸಂಜೆ ಹಾಲ್‌ನಲ್ಲಿ ಚಹಾ ಮತ್ತೆ ಬ್ಯಾನಕ್ ಅನ್ನೋ ದಪ್ಪ ರೊಟ್ಟಿ ಇಟ್ಟು ಮೀಟಿಂಗು. ಒಬ್ಬ ಅಜ್ಜಿ ಹತ್ರ ಕೂತು, ನಾನು ಹೇಳಿದ್ದು ಗೊತ್ತಾಯ್ತಾ ಅಂತ ದುಭಾಷಿ ಮೂಲಕ ಕೇಳ್ದೆ, ಅವರು ಸುಮ್ನೆ ನನ್ನನ್ನೇ ನೋಡ್ತಿದ್ರು, ಮತ್ತೆ ಕೇಳ್ದೆ, ಮತ್ತೂ ಮಾತಿಲ್ಲ. ಆಗ ದುಭಾಷಿ ನಕ್ಕು ಹೇಳಿದ್ರು, ಅವರು ಎರಡು ಸಲನೂ ಹೌದು ಅಂದಾಯ್ತು, ಹುಬ್ಬು ಮೇಲೆತ್ತಿದ್ರೆ ಹೌದು, ಮೂಗು ಸುಕ್ಕು ಮಾಡಿದ್ರೆ ಇಲ್ಲ. ನಾವು ಗೋಣು ಅಲ್ಲಾಡ್ಸೋದನ್ನ ಇಲ್ಲಿಯವರಿಗೆ ವಿವರಿಸಿ ಸಾಕಾಗಿರೋ ನನಗೆ ಆ ಅಜ್ಜಿ ಮೇಲೆ ತುಂಬಾ ಪ್ರೀತಿ ಬಂತು. ಗೋಡೆ ಮೇಲೆ ನನ್ನ ಆ ಒಂದು ಪುಟ ಅವರ ಲಿಪೀಲಿ ಅಂಟಿಸಿದ್ರು. ತ್ರಿಕೋನ ಮೇಲೆ ಮುಖ ಮಾಡಿದ್ರೆ ಪಿ, ಬಲಕ್ಕೆ ತಿರುಗಿದ್ರೆ ಪು, ಎಡಕ್ಕಾದ್ರೆ ಪ, ಅಕ್ಷರ ತಿರುಗಿಸಿದ್ರೆ ಸ್ವರ ಬದಲಾಗತ್ತೆ, ನಮ್ ಕಾಗುಣಿತದ ನೆಂಟರ ಥರ ಕಾಣ್ತು.

ಆ ರಾತ್ರಿ ಅಮ್ಮಂಗೆ ಫೋನ್ ಮಾಡಿ ಇದನ್ನೆಲ್ಲ ಹೇಳ್ದೆ. ಅಮ್ಮ ಸ್ವಲ್ಪ ಹೊತ್ತು ಸುಮ್ನಿದ್ದು, "ನಿನ್ ದೊಡ್ಡಪ್ಪನ ರಕ್ತ ತಗೊಂಡ್ ಹೋದೋರು ಒಂದ್ ಚೀಟಿನೂ ಕಳಿಸ್ಲಿಲ್ಲ ಕಣೋ" ಅಂದ್ರು.

ನಮ್ದು ಸಾಗರ ಕಡೆ. 1957ರಲ್ಲಿ ಕ್ಯಾಸನೂರು ಕಾಡಲ್ಲಿ ಮಂಗಗಳು ಸತ್ತು ಬಿದ್ದಾಗಿಂದ ನಮ್ ಜಿಲ್ಲೆಯ ಕಾಡಿನ ಹೆಸರು ಇಡೀ ಪ್ರಪಂಚದ ವೈದ್ಯಕೀಯ ಪುಸ್ತಕದಲ್ಲಿ ಕಾಯಿಲೆ ಹೆಸರಾಗಿ ಕೂತಿದೆ, ನಾವು ಮಂಗನ ಕಾಯಿಲೆ ಅನ್ನೋದು ಅದನ್ನೇ, ಉಣುಗು ಕಚ್ಚಿ ಬರತ್ತೆ. ಆಗಿಂದ ಎಷ್ಟು ಜೀಪು ಬಂದ್ವು, ಎಷ್ಟು ಸಿರಿಂಜು, ಎಷ್ಟು ಉಣುಗು ಹಿಡ್ಕೊಂಡು ಹೋದ್ರು, ಲೆಕ್ಕ ಇಟ್ಟೋರಿಲ್ಲ. 2019ರಲ್ಲಿ ಅರಳಗೋಡು ಕಡೆ ಜನ ಸಾಯ್ತಿದ್ದಾಗ ನಮ್ಮೂರಿಗೂ ಒಂದು ತಂಡ ಬಂತು. ದೊಡ್ಡಪ್ಪ ಬೆಟ್ಟದಿಂದ ದರಕಿನ, ಅಂದ್ರೆ ಒಣ ಎಲೆಯ, ಹೊರೆ ಇಳಿಸಿ ಅಡಿಕೆ ಅಂಗಳದಲ್ಲಿ ನಿಂತಿದ್ರಂತೆ, ತೋಳು ಚಾಚಿ ಅಂದ್ರು, ಚಾಚಿದ್ರು. ಇಂಗ್ಲಿಷ್ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸ್ಕೊಂಡ್ರು. ದೊಡ್ಡಪ್ಪಂಗೆ ಕನ್ನಡ ಓದೋಕೆ ಬರತ್ತೆ, ಸಹಿ ಹಾಕೋಕೂ ಬರತ್ತೆ, ಅದನ್ನ ಯಾರೂ ಕೇಳ್ಲಿಲ್ಲ ಅನ್ನೋದೇ ಅವರಿಗೆ ಇವತ್ತಿಗೂ ಬೇಜಾರು. ಮುಂದಿನ ಬೇಸಿಗೆವರೆಗೂ ಬೆಟ್ಟಕ್ಕೆ ಹೋಗ್ಬೋದಾ ಬೇಡ್ವಾ ಅಂತ ಕಾದ್ರು. ಉತ್ತರ ಇಲ್ಲ. ಹೋಗಿಯೇ ಹೋದ್ರು, ತೋಟಕ್ಕೆ ಸೊಪ್ಪು ಬೇಕಲ್ಲ.

ಉತ್ತರ ಕೊಡೋದು ಅಷ್ಟೊಂದು ಕಷ್ಟನಾ? 2007-08ರಲ್ಲಿ ಅಮುಂಡ್ಸೆನ್ ಅನ್ನೋ ಹಡಗಲ್ಲಿ ಊರೂರಿಗೆ ಹೋಗಿ ಇನುಯಿಟರ ಆರೋಗ್ಯ ಸಮೀಕ್ಷೆ ಮಾಡಿದ್ರು, ಸೀಲ್ ಅನ್ನೋ ಕಡಲ ಪ್ರಾಣಿ ತಿನ್ನೋದ್ರಿಂದ ಮೈಗೆ ಪಾದರಸ ಸೇರತ್ತಾ ಅಂತಾನೂ ನೋಡಿದ್ರು. 2012ರಲ್ಲಿ ಜನಕ್ಕೆ ಹೇಳಿದ್ದು ಸೀಲ್ ಬಿಟ್ಬಿಡಿ ಅಂತಲ್ಲ, ಮಕ್ಕಳಾಗೋ ವಯಸ್ಸಿನ ಹೆಂಗಸರು ರಿಂಗ್ಡ್ ಸೀಲ್‌ನ ಪಿತ್ತಜನಕಾಂಗ ಮಾತ್ರ ಬೇಡ, ಮಾಂಸ ತಿನ್ನಿ ಅಂತ. ಅಡುಗೆಮನೇಲಿ ನಿಂತಿರೋರಿಗೆ ಉಪಯೋಗಕ್ಕೆ ಬರೋ ಮಾತು ಅಂದ್ರೆ ಇದು. ನಮ್ಮಲ್ಲಿ ಇಂಥದ್ದೊಂದು ಮಾತು ದೊಡ್ಡಪ್ಪನ ಅಂಗಳಕ್ಕೆ ಬಂದಿದ್ರೆ!

ಇದನ್ನ ಅಣ್ಣಂಗೆ ಹೇಳಿದ್ರೆ ಸಿಟ್ಟಾದ, ಅಲ್ಲಿ ಕೂತು ಊರಿಗೆ ಬೈಬೇಡ ಅಂದ. ಅವನು ಹೇಳೋದ್ರಲ್ಲೂ ನಿಜ ಇದೆ, ಒಪ್ಕೋಬೇಕು. ಕೆನಡಾದೋರು ಇದನ್ನ ಒಳ್ಳೆ ಮನಸ್ಸಿಂದ ಕಲ್ತಿದ್ದಲ್ಲ. 1950ರಿಂದ ಸಿ.ಡಿ. ಹೌ ಅನ್ನೋ ಹಡಗು ಉತ್ತರದ ಊರುಗಳಿಗೆ ಬರ್ತಿತ್ತು, ಹಡಗಲ್ಲೇ ಎಕ್ಸ್‌ರೇ ತೆಗೆದು ಕ್ಷಯ ಇದ್ದೋರನ್ನ ಹಾಗೇ ದಕ್ಷಿಣದ ಆಸ್ಪತ್ರೆಗೆ ಕರ್ಕೊಂಡು ಹೋಗೋರು, ದಡಕ್ಕೆ ಇಳಿದು ಮನೆಯವರಿಗೆ ಹೇಳಿ ಬರೋಕೂ ಬಿಡದೆ. ಎಷ್ಟೋ ಜನ ವಾಪಸ್ ಬರ್ಲೇ ಇಲ್ಲ, ಎಲ್ಲಿ ಮಣ್ಣು ಮಾಡಿದ್ರು ಅಂತಾನೂ ಮನೆಯವರಿಗೆ ತಿಳಿಸ್ಲಿಲ್ಲ. 2019ರ ಮಾರ್ಚ್‌ನಲ್ಲಿ ಆಗಿನ ಪ್ರಧಾನಿ ಟ್ರುಡೊ ಇಕಾಲುಯಿಟ್‌ಗೆ ಬಂದು ಕ್ಷಮೆ ಕೇಳಿದ್ರು. ನನ್ನ ಪುಟ ಮೂರು ಸಲ ವಾಪಸ್ ಬಂದಿದ್ದರ ಹಿಂದೆ ಅದೆಲ್ಲ ಇದೆ, ಅದು ಇನುಯಿಟರು ಹಠ ಹಿಡಿದು ಪಡ್ಕೊಂಡಿದ್ದು.

ಇನ್ನೊಂದು. ಅಲ್ಲಿಯ ಹೆಲ್ತ್ ಸೆಂಟರ್‌ಗಳಲ್ಲಿ ಬಹಳಷ್ಟು ನರ್ಸ್‌ಗಳು ದಕ್ಷಿಣದಿಂದ ಬರೋರು, ಕೆಲವೇ ವಾರ ಇದ್ದು ಹೋಗ್ತಾರೆ, ಭಾಷೆ ಬರಲ್ಲ. ನಮ್ಮೂರ ಆಶಾ ಅಕ್ಕ ಹಾಗಲ್ಲ, ಉಣುಗು ಕಚ್ಚದ ಹಾಗೆ ಮೈಗೆ ಹಚ್ಕೊಳ್ಳೋ ಎಣ್ಣೆ ಬಾಟ್ಲಿ ಚೀಲದಲ್ಲಿ ಹಾಕ್ಕೊಂಡು ಸಂಕ ದಾಟಿ ಒಂಟಿ ಮನೆಗೂ ಹೋಗ್ತಾರೆ, ಯಾರ ಮನೇಲಿ ಯಾರಿಗೆ ಜ್ವರ ಅಂತ ಬಾಯಲ್ಲೇ ಹೇಳ್ತಾರೆ. ಅಂಥೋರು ಒಬ್ರು ಇದ್ರೆ ಸಾಕು ಅಂತ ನಮ್ ತಂಡದಲ್ಲಿ ಎಷ್ಟು ಸಲ ಅಂದ್ಕೊಂಡಿದೀವಿ.

ಹೋದ ವಾರ ಅವರಿಗೇ ಫೋನ್ ಮಾಡಿ, ಅಕ್ಕಾ ಆವತ್ತು ಯಾರ್ಯಾರ ರಕ್ತ ತಗೊಂಡ್ರು ನೆನಪಿದ್ಯಾ ಅಂತ ಕೇಳ್ದೆ. "ನೆನಪೇನು, ಬರೆದೇ ಇಟ್ಟಿದೀನಿ ತಮ್ಮಾ, ಮೂವತ್ತೊಂದು ಮನೆ" ಅಂದ್ರು. "ನೀನೇ ಮೊದಲು ಕೇಳ್ತಿರೋದು."